ಹೊಟ್ಟೆಕಿಚ್ಚಿನ ತೆಪುರಾ

ಕಡಲ ನಡುವಿನ ತೊಂಗರೆವಾ ದ್ವೀಪಗಳ ಒಮೊಕಾ ಊರಲ್ಲಿ ಯಾರ ಗಾಳಕ್ಕಾದರೂ ದೊಡ್ಡ ಮೀನು ಬಿದ್ದರೆ, ದೋಣಿ ದಡ ಮುಟ್ಟುವ ಮೊದಲೇ ಅವನು ಕೂಗಿ ಕೇಳುತ್ತಿದ್ದ ಮಾತು ಒಂದೇ: "ತೆಪುರಾ ಅಲ್ಲೆಲ್ಲಾದ್ರೂ ಕೂತಿದಾಳೇನ್ರೋ?" ಕೂತಿದ್ದರೆ ಮೀನಿನ ಮೇಲೆ ನಾಲ್ಕು ತೆಂಗಿನ ಗರಿ ಎಳೆದುಕೊಂಡು ಬೇರೆ ದಾರಿಯಲ್ಲಿ ಮನೆಗೆ ಹೋಗುತ್ತಿದ್ದ. ಅವಳ ಕಣ್ಣು ಬಿದ್ದು ಮೀನು ಕೆಡುತ್ತದೆಂಬ ಭಯವಲ್ಲ, ಅವಳ ಬಾಯಿಯ ಭಯ. "ಬಿಡು, ನಿದ್ದೆಗಣ್ಣಲ್ಲಿ ಗಾಳ ಹಾಕಿದ್ರೂ ವರ್ಷಕ್ಕೊಂದು ಬೀಳತ್ತೆ" ಎಂದು ಅವಳು ಅಂದುಬಿಟ್ಟರೆ ಆ ಮೀನು ಮನೆಯವರ ಬಾಯಿಗೆ ರುಚಿಸುತ್ತಿರಲಿಲ್ಲ.

ತೆಪುರಾಗೆ ಇದು ಗೊತ್ತಿತ್ತು. ಬೇರೆಯವರಿಗೆ ಹಸಿವು ತಿಳಿಯುವಷ್ಟೇ ಚೆನ್ನಾಗಿ ಅವಳಿಗೆ ತನ್ನ ಹೊಟ್ಟೆಕಿಚ್ಚು ತಿಳಿಯುತ್ತಿತ್ತು. ಮೊದಲು ಕಿವಿಯ ಹಿಂದೆ ಬಿಸಿಯಾಗುವುದು, ಆಮೇಲೆ ಗಂಟಲು ಒಣಗುವುದು, ಆಮೇಲೆ ಕೈಗಳು ಸುಮ್ಮನಿರಲಾರದೆ ಏನಾದರೂ ಹುಡುಕುವುದು. ಆಗ ಅವಳು ಕೇದಗೆ ಗರಿ ಎಳೆದುಕೊಂಡು ಚಾಪೆ ಹೆಣೆಯಲು ಕೂರುತ್ತಿದ್ದಳು. ತೊಂಗರೆವಾದ ಅಷ್ಟೂ ದ್ವೀಪಗಳಲ್ಲಿ ಅವಳಷ್ಟು ಬಿಗಿಯಾಗಿ ಹೆಣೆಯುವವರು ಇರಲಿಲ್ಲ. ಚಾಪೆ ಚೆನ್ನಾಗಿದೆ ಎಂದು ಯಾರಾದರೂ ಹೊಗಳಿದರೆ, "ಇದು ಯಾರ ಮೇಲಿನ ಸಿಟ್ಟಿಂದು?" ಎಂದು ಪಕ್ಕದವರು ಕೇಳುವರು. ಅವಳೂ ನಗುವಳು.

ಮುಕ್ಕಾಲು ಪಾಲು ಚಾಪೆಗಳು ತಂಗಿಯ ಮೇಲಿನವೇ.

ತಂಗಿ ಅವಳಿಗಿಂತ ಎರಡು ವರ್ಷ ಚಿಕ್ಕವಳು. ಅಮ್ಮ ಸತ್ತಾಗ ತೆಪುರಾಗೆ ಒಂಬತ್ತು, ತಂಗಿಗೆ ಏಳು. ಇಬ್ಬರೂ ಸೋದರಮಾವನ ಮನೆಯಲ್ಲಿ ಬೆಳೆದರು. ಮುತ್ತಿನ ಚಿಪ್ಪಿಗಾಗಿ ಹವಳದ ಬಂಡೆಸಾಲು ಸುತ್ತುವರಿದ ಒಳಗಡಲಿನಲ್ಲಿ ಮುಳುಗುವಾಗ ತಂಗಿಯ ಉಸಿರು ಉದ್ದ. ಮಾವ ದೋಣಿಯ ಮೇಲೆ ಕೂತು ಎಣಿಸುತ್ತಿದ್ದ, ಪ್ರತಿ ಸಲವೂ ಅವಳನ್ನೇ ಹೊಗಳುತ್ತಿದ್ದ. ಹನ್ನೆರಡನೇ ವಯಸ್ಸಿನಲ್ಲಿ ಒಂದು ದಿನ ತೆಪುರಾ ಹಟ ಹಿಡಿದು, ತಂಗಿ ಮೇಲೆ ಹೋದ ಮೇಲೂ ಕೆಳಗೇ ಉಳಿದಳು. ಕೊನೆಗೆ ಉಸಿರು ಕಟ್ಟಿ ಗಾಬರಿಯಿಂದ ಕಾಲು ಜಾಡಿಸಿದಾಗ ಎಡಪಾದ ಹವಳದ ಸಂದಿಯಲ್ಲಿ ಸಿಕ್ಕಿ ಸೀಳಿತು. ತಂಗಿಯೇ ಮತ್ತೆ ಮುಳುಗಿ ಅವಳನ್ನು ಎಳೆದು ತಂದಳು. ಗಾಯ ಕೀವುಗಟ್ಟಿ, ಆರು ತಿಂಗಳು ಮಲಗಿಸಿ, ಮಾಯುವ ಹೊತ್ತಿಗೆ ಪಾದ ಒಳಕ್ಕೆ ತಿರುಚಿಕೊಂಡಿತ್ತು. ಅಂದಿನಿಂದ ಅವಳು ಕುಂಟುತ್ತಲೇ ನಡೆದಳು. ತಂಗಿ ತನ್ನ ಜೀವ ಉಳಿಸಿದಳಲ್ಲ ಎಂಬುದು ಅವಳಿಗೆ ಕುಂಟುಕಾಲಿಗಿಂತ ಹೆಚ್ಚು ನೋಯುತ್ತಿತ್ತು.

ರಾರೊಟೊಂಗಾ ದ್ವೀಪದಿಂದ ಬೋಧಕರೊಬ್ಬರು ಬಂದು ಇಗರ್ಜಿ ಕಟ್ಟಿಸಿ ಅಕ್ಷರ ಕಲಿಸತೊಡಗಿದಾಗ ತಂಗಿ ಮೂರು ತಿಂಗಳಲ್ಲಿ ದೇವರ ಪುಸ್ತಕ ಓದಿದಳು. ಬೋಧಕರು ಅವಳಿಗೆ ದೀಕ್ಷಾಸ್ನಾನ ಕೊಟ್ಟು ರಾಹೇರಾ ಎಂದು ಹೊಸ ಹೆಸರಿಟ್ಟರು. ತೆಪುರಾ ಸಾಲಿನಲ್ಲಿ ಕಾಯುತ್ತಲೇ ಇದ್ದಳು.

"ನಿನ್ನ ಮನಸ್ಸು ಇನ್ನೂ ಹದವಾಗಿಲ್ಲಮ್ಮ. ಮತ್ಸರ ಬಿಡು, ಮುಂದಿನ ವರ್ಷ ನೋಡೋಣ" ಎಂದರು ಬೋಧಕರು.

"ಮೊದಲು ಹೆಸರು ಕೊಡಿ, ಆಮೇಲೆ ಬಿಡ್ತೀನಿ" ಎಂದಳು ಅವಳು. ಇಗರ್ಜಿಯೆಲ್ಲ ನಕ್ಕಿತು. ಅವಳ ಹೆಸರು ತೆಪುರಾ ಎಂದೇ ಉಳಿಯಿತು.

ಇನ್ನು ರೊಂಗೊನ ವಿಷಯ. ರೊಂಗೊ ದೋಣಿ ಕಟ್ಟುವವನು, ಅಗಲ ಎದೆಯ ಮೆತ್ತನೆ ಮಾತಿನ ಗಂಡಸು. ಒಂದು ಋತುವಿಡೀ ಅವನು ಮಾವನ ಮನೆಗೆ ಮೀನು ತಂದುಕೊಟ್ಟ. ಬಾಗಿಲಲ್ಲಿ ಕೂತು ಹೆಣೆಯುತ್ತಿದ್ದವಳು ತೆಪುರಾ. ಆದ್ದರಿಂದ ಮೀನು ಇಸಿದುಕೊಳ್ಳುತ್ತಿದ್ದವಳೂ ಅವಳೇ. "ಚಾಪೆ ಚೆನ್ನಾಗಿದೆ" ಎಂದು ಅವನು ಎರಡು ಸಲ ಹೇಳಿದ್ದ. ಅವಳು ಯಾರಿಗೂ ಹೇಳದೆ ತನ್ನ ಮದುವೆಯ ಚಾಪೆ ಶುರುಮಾಡಿದಳು, ಅಂಚಿಗೆ ಕಪ್ಪು ಗರಿಯ ಪಟ್ಟಿ ಕೊಟ್ಟಳು. ಅದು ಮುಗಿಯುವ ವಾರ ರೊಂಗೊ ಮಾವನ ಬಳಿ ಬಂದು ರಾಹೇರಾಳನ್ನು ಕೇಳಿದ. ಆ ಚಾಪೆಯ ಮೇಲೆಯೇ ಅವರಿಬ್ಬರ ಮದುವೆಯಾಯಿತು. ಕೊಟ್ಟವಳು ತೆಪುರಾ. ಕೊಡದಿದ್ದರೆ ಊರು ಏನನ್ನುತ್ತದೆಂದು ಕೊಟ್ಟಳು.

ಅವರಿಗೆ ಒಂದು ಹೆಣ್ಣು ಹುಟ್ಟಿತು, ಮಹಿನಾ. ಅಷ್ಟು ಹೊತ್ತಿಗೆ ಮಾವ ಸತ್ತಿದ್ದ. ತೆಪುರಾ ತಂಗಿಯ ಮನೆಯ ಹಿಂದೆ ಚಿಕ್ಕ ಗುಡಿಸಲಲ್ಲಿ ಇದ್ದಳು. ದಿನವೂ ಮಗುವಿನ ನಗು ಗೋಡೆಯ ಗರಿಗಳ ಸಂದಿಯಿಂದ ಕೇಳುತ್ತಿತ್ತು. ಮಗು ದೊಡ್ಡಮ್ಮನ ಹತ್ತಿರ ಬಂದರೂ ಬಿದ್ದು ಮಂಡಿ ತರಚಿದಾಗ ಅಮ್ಮನ ಹತ್ತಿರವೇ ಓಡುತ್ತಿತ್ತು. ಅದೂ ತೆಪುರಾಗೆ ಲೆಕ್ಕಕ್ಕೆ ಬರುತ್ತಿತ್ತು.

ಮಹಿನಾಗೆ ಮೂರು ತುಂಬುವ ಹೊತ್ತಿಗೆ ತೆಂಗಿಗೆ ರೋಗ ಬಿತ್ತು. ಗರಿಗಳು ತುದಿಯಿಂದ ಕಂದಾಗಿ, ಕಾಯಿ ಮುಷ್ಟಿಯಷ್ಟಿರುವಾಗಲೇ ಉದುರತೊಡಗಿತು. ಎರಡು ವರ್ಷ ಜನ ಮೀನು, ಚಿಪ್ಪಿನ ಮಾಂಸ, ಕೇದಗೆ ಹಣ್ಣು ತಿಂದು ದಿನ ದೂಡಿದರು. ಎಳನೀರಿಲ್ಲದೆ ಮಕ್ಕಳ ತುಟಿ ಒಡೆಯಿತು. ಅಂಥ ಹೊತ್ತಿನಲ್ಲಿ ಹಡಗು ಬಂತು.

ಎರಡು ಪಟಗಂಬದ ಹಡಗು. ಬಂದವರು ಬಿಳಿಯರು, ಜೊತೆಗೆ ಊರ ಭಾಷೆಯನ್ನು ತೊದಲಿ ಆಡುವ ದುಭಾಷಿಯೊಬ್ಬ. ನಾಲ್ಕು ದಿನದ ದಾರಿಯಲ್ಲಿ ಒಂದು ದ್ವೀಪವಿದೆ, ಅಲ್ಲಿ ತೋಟದ ಕೆಲಸವಿದೆ, ಹೊಟ್ಟೆ ತುಂಬ ಊಟ, ಆರು ತಿಂಗಳಿಗೆ ವಾಪಸು ಕರೆತಂದು ಬಿಡುತ್ತೇವೆ ಎಂದರು. ಬರುವಾಗ ಪ್ರತಿಯೊಬ್ಬರಿಗೂ ಬಟ್ಟೆ, ಇಗರ್ಜಿಗೆ ಮರದ ತೊಲೆ. ಬೋಧಕರು ಒಳ್ಳೆಯ ಮನುಷ್ಯ, ಹಸಿದ ಮಕ್ಕಳನ್ನು ನೋಡಿ ಬೆಂದುಹೋಗಿದ್ದರು. ದೇವರೇ ಹಡಗು ಕಳಿಸಿದ ಎಂದು ಅವರು ನಂಬಿದರು. ಭಾನುವಾರ ಪೀಠದಿಂದಲೇ ಸಾರಿದರು. ತಾವೂ ಹೆಂಡತಿ ಮಕ್ಕಳೊಂದಿಗೆ ಹೊರಟರು.

ಸೋಮವಾರ ದಡದಲ್ಲಿ ಆರಿಸುವಿಕೆ ನಡೆಯಿತು. ಜನ ಸಾಲಾಗಿ ನಿಂತರು. ಹಡಗಿನ ಒಬ್ಬಾತ ಬಂದು ತೋಳು ಹಿಚುಕಿ ನೋಡಿದ, ಬಾಯಿ ತೆರೆಸಿ ಹಲ್ಲು ನೋಡಿದ. ರೊಂಗೊನ ಬೆನ್ನು ತಟ್ಟಿ ನಕ್ಕ. ರಾಹೇರಾ ಪುಸ್ತಕ ಓದುತ್ತಾಳೆಂದು ದುಭಾಷಿ ಹೇಳಿದಾಗ ಅವಳನ್ನು ಮುಂದಿನ ಸಾಲಿಗೆ ನಿಲ್ಲಿಸಿದ. ತೆಪುರಾ ಕಾಲು ಕಾಣದಂತೆ ಉದ್ದನೆಯ ಅಂಗಿ ಹಾಕಿಕೊಂಡು, ಎರಡೂ ಪಾದ ಜೋಡಿಸಿ ನಿಂತಿದ್ದಳು. ತೋಳು ನೋಡಿದ, ಹಲ್ಲು ನೋಡಿದ, ತಲೆ ಆಡಿಸಿದ. ಆಮೇಲೆ ನಾಲ್ಕು ಹೆಜ್ಜೆ ನಡೆಯಲು ಹೇಳಿದ. ಅವಳು ನಡೆದಳು. ಅವನು ಅವಳ ಹಾಗೆಯೇ ಕುಂಟಿ ತೋರಿಸಿದ. ಸಾಲಿನಲ್ಲಿದ್ದ ಹುಡುಗಿಯರು ನಕ್ಕುಬಿಟ್ಟರು.

"ನನ್ನ ಕೈ ನೋಡೋಕೆ ಹೇಳು. ಕಾಲಲ್ಲಿ ಕೆಲಸ ಮಾಡ್ತಾರೇನು ಅಲ್ಲಿ?" ಎಂದಳು ದುಭಾಷಿಗೆ.

"ಗಟ್ಟಿ ಇರೋರು ಮಾತ್ರ ಸಾಕಂತೆ ಅಕ್ಕ. ನೀನು ಮನೇಲಿ ಆರಾಮಾಗಿರು."

ಆ ದಿನ ಅವಳಿಗೆ ಬಂದ ಹೊಟ್ಟೆಕಿಚ್ಚು ಅದುವರೆಗಿನದಲ್ಲ. ಅದುವರೆಗೆ ತಂಗಿಯ ಒಂದೊಂದೇ ವಸ್ತುವಿಗೆ ಕರುಬಿದ್ದಳು. ಈಗ ಇಡೀ ಊರಿಗೇ ಕರುಬುವಂತಾಯಿತು. ಹೋಗುವವರು ಆಗಲೇ ಬೇರೆ ಜಾತಿಯವರಂತೆ ನಡೆಯುತ್ತಿದ್ದರು, ಉಳಿಯುವವರನ್ನು ಕನಿಕರದಿಂದ ಮಾತಾಡಿಸುತ್ತಿದ್ದರು.

ಮಾರನೆಯ ಬೆಳಿಗ್ಗೆ ಪೀಟಾ ದಡಕ್ಕೆ ಓಡಿ ಬಂದ. ಪೀಟಾ ಹಿಂದೆಂದೋ ಹಡಗು ಒಡೆದು ಇಲ್ಲಿ ಉಳಿದುಹೋದ ಮುದಿ ಬಿಳಿಯ. ಊರವರನ್ನು ಮುಳುಗಿಸಿ ಚಿಪ್ಪು ತೆಗೆಸಿ, ವರ್ಷಕ್ಕೊಮ್ಮೆ ಬರುವ ತಹಿತಿ ದ್ವೀಪದ ಹಡಗಿಗೆ ಮಾರಿ ಬದುಕುತ್ತಿದ್ದ. ಹಿಂದಿನ ದಿನ ಅವನು ತಂಬಾಕು ಬೇಡಲು ಹಡಗಿಗೆ ಹೋಗಿದ್ದ.

"ಹೋಗ್ಬೇಡ್ರೋ! ಆ ಹಡಗು ಹತ್ಬೇಡಿ! ಇವ್ರು ಒಳ್ಳೇ ಜನ ಅಲ್ಲ!" ಎಂದು ಅವನು ಮರಳಿನ ಮೇಲೆ ಆಚೆಗೂ ಈಚೆಗೂ ಓಡಿ ಕೂಗಿದ.

"ನಾವು ಹೋದ್ರೆ ನಿಂಗೆ ಚಿಪ್ಪು ತೆಗ್ಯೋರು ಯಾರು ಅಂತ ಹೊಟ್ಟೆ ಉರೀತಿದೆಯಾ ಮುದುಕಪ್ಪ?" ಎಂದ ಒಬ್ಬ.

"ಇನ್ಮೇಲೆ ನೀನೇ ಮುಳುಗು. ಗಡ್ಡ ತೊಳೆದ ಹಾಗೂ ಆಗತ್ತೆ" ಎಂದಳು ಇನ್ನೊಬ್ಬಳು.

ಎಲ್ಲರೂ ನಕ್ಕರು. ತೆಪುರಾ ನಗಲಿಲ್ಲ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಹೊಟ್ಟೆಕಿಚ್ಚು ಹೇಗಿರುತ್ತದೆಂದು ಆ ದಡದಲ್ಲಿ ಅವಳಷ್ಟು ತಿಳಿದವರು ಬೇರೆ ಯಾರಿದ್ದರು? ಹೊಟ್ಟೆ ಉರಿಯುವವನು ಎದುರಿನವನ ಕೈಯಲ್ಲಿರುವ ವಸ್ತುವನ್ನು ನೋಡುತ್ತಾನೆ. ಪೀಟಾ ನೋಡುತ್ತಿದ್ದದ್ದು ಜನರ ಮುಖಗಳನ್ನು, ಒಂದಾದ ಮೇಲೊಂದು, ಹೆಣ ನೋಡಲು ಬಂದವನ ಹಾಗೆ. ಇದು ಹೊಟ್ಟೆಕಿಚ್ಚಲ್ಲ, ಹೆದರಿಕೆ ಎಂದು ಅವಳಿಗೆ ಆ ಕ್ಷಣವೇ ತಿಳಿದುಹೋಯಿತು.

ಮಧ್ಯಾಹ್ನ ಅವನ ಗುಡಿಸಲಿಗೆ ಹೋದಳು. ಪೀಟಾ ಮಂಡಿಗೆ ತಲೆಕೊಟ್ಟು ಕೂತಿದ್ದ.

"ಏನು ನೋಡಿದೆ ಹಡಗಲ್ಲಿ?"

"ಕೆಳಗೆ ಇಳಿಯೋ ಬಾಯಿಗೆ ಕಬ್ಬಿಣದ ಸರಳು ಹಾಕಿದಾರೆ. ಹೊಸ ಸರಳು. ತೋಟದ ಕೆಲಸದೋರಿಗೆ ಸರಳು ಯಾಕಮ್ಮ? ನೀರಿನ ಪೀಪಾಯಿ ಎಣಿಸಿದೆ. ನಾಲ್ಕು ದಿನದ ದಾರಿಗಲ್ಲ ಅದು, ಎರಡು ತಿಂಗಳ ದಾರಿಗೆ." ಅವನು ಮೂಗು ಒರೆಸಿಕೊಂಡ. "ನನ್ನ ಮಾತು ಯಾರೂ ಕೇಳಲ್ಲ. ನೀನು ಹೇಳು. ನಿನ್ನ ತಂಗಿ ನಿಂತ್ರೆ ಅರ್ಧ ಊರು ನಿಲ್ಲತ್ತೆ."

"ನಾನು ಹೇಳಿದ್ರೆ ಹೊಟ್ಟೆಕಿಚ್ಚಿಗೆ ಹೇಳ್ತಿದಾಳೆ ಅಂತಾರೆ."

"ನಿಂಗೆ ಹೊಟ್ಟೆಕಿಚ್ಚು ಇದೆಯಾ?"

ತೆಪುರಾ ಎದ್ದು ಬಂದಳು.

ನೇರವಾಗಿ ತಂಗಿಯ ಮನೆಗೇ ಹೋದಳು. ಹೇಳಬೇಕೆಂದೇ ಹೋದಳು, ಇದನ್ನು ಅವಳು ಮುಂದೆ ತನಗೆ ತಾನೇ ನೂರಾರು ಸಲ ಹೇಳಿಕೊಂಡಳು. ರಾಹೇರಾ ಹಡಗಿನವರು ಮುಂಗಡವಾಗಿ ಕೊಟ್ಟ ಹೊಸ ಬಿಳಿ ಅಂಗಿ ತೊಟ್ಟು, ರೊಂಗೊನ ಮುಂದೆ ತಿರುಗಿ ತಿರುಗಿ ತೋರಿಸುತ್ತಿದ್ದಳು. ಅವನು ನೋಡುತ್ತಿದ್ದ ರೀತಿಯನ್ನು ತೆಪುರಾ ಬಾಗಿಲಲ್ಲಿ ನಿಂತು ಕಂಡಳು. ಯಾವ ಗಂಡಸೂ ಅವಳನ್ನು ಹಾಗೆ ನೋಡಿರಲಿಲ್ಲ.

"ಬಾ ಅಕ್ಕ. ಯಾಕೆ ಮುಖ ಹಂಗಿದೆ?" ರಾಹೇರಾ ಬಂದು ಕೈ ಹಿಡಿದಳು. "ನಂಗೊತ್ತು, ನಿನ್ನ ಬಿಟ್ಟು ಹೋಗ್ತಿದೀವಿ ಅಂತ ನಿಂಗೆ ಸಂಕಟ. ಹೊಟ್ಟೆ ಉರ್ಕೋಬೇಡ್ವೇ. ನಿಂಗೂ ಒಂದು ಅಂಗಿ ಬಟ್ಟೆ ತರ್ತೀನಿ. ನನ್ನದಕ್ಕಿಂತ ಒಳ್ಳೇದು, ಆಯ್ತಾ?"

ಮಗುವಿಗೆ ಹೇಳುವ ದನಿಯಲ್ಲಿ ಹೇಳಿದಳು. ತೆಪುರಾಳ ಕಿವಿಯ ಹಿಂದೆ ಬಿಸಿಯಾಯಿತು, ಗಂಟಲು ಒಣಗಿತು. ಬಾಯಿಯವರೆಗೆ ಬಂದಿದ್ದ ಮಾತು ಅಲ್ಲೇ ನಿಂತಿತು. ಹೋಗಲಿ, ಅವಳೂ ಒಮ್ಮೆ ಕಷ್ಟ ಅಂದರೇನೆಂದು ನೋಡಲಿ ಎನಿಸಿತು. ಇಷ್ಟೇ ಎನಿಸಿದ್ದು. ಸಾಯಲಿ ಎನಿಸಲಿಲ್ಲ.

ಮಹಿನಾ ಚಾಪೆಯ ಮೇಲೆ ಕೂತು ಕಾಲು ಕೆರೆದುಕೊಳ್ಳುತ್ತಿತ್ತು. ಸೊಳ್ಳೆ ಕಚ್ಚಿ ನಾಲ್ಕಾರು ಗುಳ್ಳೆ ಎದ್ದಿದ್ದವು.

"ಮಗೂನ ಬಿಟ್ಟುಹೋಗು" ಎಂದಳು ತೆಪುರಾ.

"ಏನಂದೆ?"

"ಮೈಯಲ್ಲಿ ಕಜ್ಜಿ ಎದ್ದಿದೆ ನೋಡು. ಹಡಗಿನೋರು ಕಂಡ್ರೆ ನಿಮ್ಮನ್ನೂ ಇಳಿಸಿಬಿಡ್ತಾರೆ. ಆರು ತಿಂಗಳು ತಾನೇ, ನಾನು ನೋಡ್ಕೋತೀನಿ."

ರಾಹೇರಾ ಮಗುವಿನ ಕಾಲು ನೋಡಿದಳು. ಅಕ್ಕನ ಮುಖ ನೋಡಿದಳು. ಗುಳ್ಳೆಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಗಂಡನ ಕಡೆ ತಿರುಗಿ, "ಇರ್ಲಿ ಬಿಡಿ, ಅಕ್ಕನ ಹತ್ರ ಇರ್ಲಿ" ಎಂದು ಅಳತೊಡಗಿದಳು.

ಮಗುವನ್ನು ಕೇಳಿದ್ದು ಅದರ ಜೀವ ಉಳಿಸಲೋ, ತಂಗಿಯ ಕೈಯಿಂದ ಒಂದು ವಸ್ತುವನ್ನಾದರೂ ಕಿತ್ತುಕೊಳ್ಳಲೋ? ತೆಪುರಾಗೆ ಅಂದೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ.

ಬುಧವಾರ ಜನ ಹಾಡು ಹೇಳುತ್ತ ದೋಣಿ ಹತ್ತಿದರು. ಪೀಟಾ ಮನೆಯಿಂದ ಹೊರಗೆ ಬರಲಿಲ್ಲ. ಮಹಿನಾ ದೊಡ್ಡಮ್ಮನ ಸೊಂಟದ ಮೇಲೆ ಒದ್ದಾಡಿ ಕೈ ಚಾಚಿ ಕಿರುಚಿತು. ಹಡಗಿನ ಅಂಚಿನಿಂದ ರಾಹೇರಾ, "ಅಕ್ಕಾ, ಅದಕ್ಕೆ ಮೀನಿನ ಮುಳ್ಳು ತೆಗೆದು ಕೊಡೇ!" ಎಂದು ಕೂಗಿದ್ದು ಕೇಳಿಸಿತು. ಪಟ ಏರಿತು. ಹಡಗು ಬಂಡೆಸಾಲಿನ ಬಾಯಿ ದಾಟುವಾಗ ಹಾಡು ಇನ್ನೂ ಕೇಳುತ್ತಿತ್ತು. ಆ ಗಳಿಗೆಯಲ್ಲೂ ತೆಪುರಾಳ ಎದೆಯಲ್ಲಿ ಇದ್ದದ್ದು ಅದೇ: ಎಲ್ಲರೂ ಒಟ್ಟಿಗೆ ಇದ್ದಾರೆ, ನಾನೊಬ್ಬಳು ಹೊರಗೆ.

ಆರು ತಿಂಗಳು ಕಳೆಯಲು ಬಿಡದೆ ಇನ್ನೊಂದು ಹಡಗು ಬಂತು. ಮೊದಲು ಹೋದವರು ಸುಖವಾಗಿದ್ದಾರೆ, ಉಳಿದವರನ್ನೂ ಕರೆಯುತ್ತಿದ್ದಾರೆ ಎಂದು ಹೇಳಿ ಕಳಿಸಿದ್ದಾರಂತೆ. ಯಾರು ಹೇಳಿದ್ದು ಎಂದು ಕೇಳಿದರೆ ಒಂದು ಹೆಸರೂ ಹೇಳಲಾರರು. ಆದರೂ ಜನ ಗಂಟು ಕಟ್ಟತೊಡಗಿದರು. ಗಂಡನನ್ನು ನೋಡಬೇಕೆಂಬ ಹೆಂಡಿರು, ಮಗನನ್ನು ನೋಡಬೇಕೆಂಬ ಮುದುಕಿಯರು.

ಈ ಸಲ ತೆಪುರಾ ಕುಂಟುತ್ತ ಹೋಗಿ ದೋಣಿಗಳ ಮುಂದೆ ಮರಳಿನ ಮೇಲೆ ಕೂತುಬಿಟ್ಟಳು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು.

"ಏಳೇ ಹೊಟ್ಟೆಕಿಚ್ಚಿನೋಳೇ. ನಿನ್ನ ಈ ಸಲಾನೂ ತಗೊಳ್ಳಲ್ಲ ಅಂತ ನಮ್ಮನ್ನೂ ತಡೀತೀಯಾ?" ಎಂದಳು ಒಬ್ಬಳು ಮುದುಕಿ.

"ಹೌದು, ನಾನು ಹೊಟ್ಟೆಕಿಚ್ಚಿನೋಳೇ. ಅದಕ್ಕೇ ಹೇಳ್ತಿದೀನಿ" ಎಂದು ತೆಪುರಾ ಗಂಟಲು ಹರಿಯುವಂತೆ ಕೂಗಿದಳು. "ನಿಮಗೆ ಅದು ಹೇಗಿರತ್ತೆ ಅಂತ ಗೊತ್ತಿಲ್ಲ, ನಂಗೊತ್ತು. ಆ ಮುದುಕಪ್ಪಂಗೆ ಹೊಟ್ಟೆಕಿಚ್ಚಿರ್ಲಿಲ್ಲ. ಅವನು ಹೆದರಿದ್ದ. ಹಡಗಿಗೆ ಸರಳಿದೆಯೋ ಇಲ್ಲವೋ, ಯಾರಾದ್ರೂ ಒಬ್ಬ ಈಜಿಕೊಂಡು ಹೋಗಿ ನೋಡಿ ಬನ್ನಿ. ಇಲ್ಲದಿದ್ರೆ ನನ್ನ ಇನ್ನೊಂದು ಕಾಲೂ ಮುರೀರಿ."

ಇಬ್ಬರು ಗಂಡಸರು ಚಿಪ್ಪು ಮಾರುವ ನೆಪದಲ್ಲಿ ಹೋಗಿ ನೋಡಿ ಬಂದರು. ಬಂದವರೇ ಹೆಂಡತಿಯರ ಗಂಟುಗಳನ್ನು ಬಿಚ್ಚಿ ಎಸೆದರು. ಆ ಸಂಜೆಯೇ ಉಳಿದ ಜನ ಒಳಗಡಲು ದಾಟಿ ಎದುರು ದಡದ ತೌತುವಾ ಊರಿನ ಕೇದಗೆ ಪೊದೆಗಳಲ್ಲಿ ಅಡಗಿದರು. ಹಡಗಿನವರು ಬಂದೂಕು ಹಿಡಿದು ಒಮೊಕಾವನ್ನು ಜಾಲಾಡಿ, ನಡೆಯಲಾರದ ಇಬ್ಬರು ಮುದುಕರು, ಹೇಂಟೆಗಳು ಬಿಟ್ಟು ಏನೂ ಸಿಗದೆ ಹೋದರು. ಊರಲ್ಲಿ ಆಮೇಲೆ ತೆಪುರಾಳ ಮುಂದೆ ಮೀನು ಮುಚ್ಚುವವರು ಇರಲಿಲ್ಲ. ಮೊದಲ ತುಂಡು ಅವಳಿಗೇ ಕೊಡುತ್ತಿದ್ದರು. ಅವಳು ಅದನ್ನು ಮಗುವಿನ ಬಾಯಿಗೆ ಇಡುತ್ತಿದ್ದಳು. ಈ ಮಾತನ್ನು ಮೊದಲ ಹಡಗು ಬಂದಾಗಲೇ ಆಡಬಹುದಿತ್ತು ಎಂಬುದು ಅವಳಿಗೂ ಪೀಟಾನಿಗೂ ಮಾತ್ರ ಗೊತ್ತಿತ್ತು. ಪೀಟಾ ಅದನ್ನು ಎಂದೂ ಎತ್ತಲಿಲ್ಲ. ಎರಡು ವರ್ಷಕ್ಕೆ ಜ್ವರ ಬಂದು ಸತ್ತ.

ಮಹಿನಾ ಬೆಳೆಯಿತು. ತೆಪುರಾ ಮುಳ್ಳು ತೆಗೆದು ಮೀನು ಕೊಟ್ಟಳು, ಹೇನು ಹೆಕ್ಕಿದಳು, ತನಗೆ ಅಕ್ಷರ ಬಾರದಿದ್ದರೂ ಹರಿದ ಪುಸ್ತಕ ಮುಂದಿಟ್ಟು ಓದಿಸಿದಳು. ಆದರೆ ಮಗು ಸಂಜೆಯಾದರೆ ಬಂಡೆಸಾಲಿನ ಕಡೆ ಮುಖಮಾಡಿ ಕೂರುತ್ತಿತ್ತು. "ಅಮ್ಮನ ಕೂದಲು ಹೇಗಿತ್ತು ದೊಡ್ಡಮ್ಮ? ಅಮ್ಮ ಎಷ್ಟು ಹೊತ್ತು ಮುಳುಗ್ತಿದ್ಳು?" ಊರಿನವರೂ ಹಾಗೆಯೇ. ರಾಹೇರಾಳಂಥ ದನಿ ಇಲ್ಲ, ರಾಹೇರಾಳಂಥ ನಗು ಇಲ್ಲ. ಇದ್ದಾಗ ಅವಳ ಜೊತೆ ಕಾಯಿಗಾಗಿ ಜಗಳವಾಡಿದವರೂ ಈಗ ಹೊಗಳುವವರೇ. ಜ್ವರದಲ್ಲಿ ರಾತ್ರಿಯೆಲ್ಲ ಎದೆಗವಚಿಕೊಂಡು ಕೂತವಳು ತೆಪುರಾ, ಮಗು ಕನವರಿಸಿದ್ದು ಅಮ್ಮಾ ಎಂದು. ಇಲ್ಲದವಳ ಜೊತೆ ಹೇಗೆ ಸೆಣಸುವುದು? ಅವಳು ತಪ್ಪು ಮಾಡುವುದಿಲ್ಲ, ಗದರುವುದಿಲ್ಲ, ಮುದುಕಿಯಾಗುವುದಿಲ್ಲ.

ಒಂಬತ್ತು ವರ್ಷದ ಮೇಲೆ, ತಹಿತಿಯಿಂದ ಚಿಪ್ಪು ಕೊಳ್ಳಲು ಬಂದ ಹಡಗಿನಿಂದ ಮುಖವೆಲ್ಲ ಸಿಡುಬಿನ ಕಲೆಯಿದ್ದ ಒಬ್ಬ ಗಂಡಸು ಇಳಿದ. ಯಾರಿಗೂ ಗುರುತು ಹತ್ತಲಿಲ್ಲ. ಅವನು ತನ್ನ ತಂದೆಯ ಹೆಸರು, ತಾತನ ಹೆಸರು ಹೇಳಿ ಮರಳಿನ ಮೇಲೆ ಕುಸಿದು ಕೂತ. ತಾವಾಕೆ! ಮೊದಲ ಹಡಗಿನಲ್ಲಿ ಹೋಗಿದ್ದ ಹುಡುಗ. ಊರೆಲ್ಲ ಸುತ್ತ ನೆರೆಯಿತು. ಅವನು ಹೇಳಿದ.

ನಾಲ್ಕು ದಿನವಲ್ಲ, ಕಡಲಿನ ಆಚೆ ಕೊನೆಯವರೆಗೆ ಒಯ್ದರು. ಪೆರು ಎಂಬ ನಾಡು. ಬಂದರಿನಲ್ಲಿ ನಿಲ್ಲಿಸಿ ಒಬ್ಬೊಬ್ಬರನ್ನೂ ಒಬ್ಬೊಬ್ಬ ಧಣಿಗೆ ಹಂಚಿದರು. ರೊಂಗೊ ಹೊಲದಲ್ಲಿ ರಕ್ತಭೇದಿಯಾಗಿ ಎರಡೇ ತಿಂಗಳಿಗೆ ಹೋದ. ರಾಹೇರಾಳನ್ನು ಧಣಿಯ ಅಡುಗೆಮನೆಗೆ ಹಾಕಿದರು. ಆಮೇಲೆ ಸಿಡುಬು ಬಂತು. ಉಳಿದ ಕೆಲವರನ್ನು ವಾಪಸು ಕಳಿಸುತ್ತೇವೆಂದು ಹಡಗಿಗೆ ತುಂಬಿದರು, ಹಡಗಿನಲ್ಲೂ ಸಿಡುಬು. ಬದುಕಿದ್ದವರನ್ನು ಯಾವುದೋ ದ್ವೀಪದಲ್ಲಿ ಇಳಿಸಿ ಹೋದರು. ತಾವಾಕೆ ಅಲ್ಲಿಂದ ತಹಿತಿಗೆ ಸೇರಿ, ಇಷ್ಟು ವರ್ಷ ದುಡಿದು, ಈಗ ದಾರಿ ಸಿಕ್ಕಿ ಬಂದಿದ್ದ.

ಜನ ಎದೆ ಬಡಿದುಕೊಂಡು ಅತ್ತರು. ತಾವಾಕೆ ತೆಪುರಾಳನ್ನು ಹುಡುಕಿಕೊಂಡು ಅವಳ ಗುಡಿಸಲಿಗೆ ಬಂದ.

"ರಾಹೇರಕ್ಕ ಸಾಯೋ ಮುಂಚೆ ನಿನ್ನ ಹೆಸರೇ ಹೇಳ್ತಿದ್ಳು."

ತೆಪುರಾಳ ಕೈಯಲ್ಲಿದ್ದ ಗರಿ ನಿಂತಿತು. "ಏನಂತ?"

"ಮಗೂಗೆ ಕಜ್ಜಿ ಇರ್ಲಿಲ್ವಂತೆ, ಸೊಳ್ಳೆ ಕಚ್ಚಿದ್ದಂತೆ. ಅದು ಅವಳಿಗೆ ಆಗ್ಲೇ ಗೊತ್ತಿತ್ತಂತೆ. 'ಅಕ್ಕಂಗೆ ಏನೂ ಇರ್ಲಿಲ್ಲ ತಾವಾಕೆ. ಗಂಡ ಇಲ್ಲ, ಮಗು ಇಲ್ಲ, ಹೆಸರೂ ಸಿಕ್ಕಿಲ್ಲ. ಒಂದಾರು ತಿಂಗ್ಳು ಮಗು ಅವಳದಾಗಿರ್ಲಿ ಅಂತ ಕೊಟ್ಟೆ. ಅದೇ ಒಳ್ಳೇದಾಯ್ತು ನೋಡು' ಅಂತಿದ್ಳು."

ಅವನು ಹೋದ ಮೇಲೂ ತೆಪುರಾ ಅಲುಗದೆ ಕೂತಿದ್ದಳು. ತಾನು ಕಿತ್ತುಕೊಂಡೆನೆಂದುಕೊಂಡಿದ್ದ ಒಂದೇ ಒಂದು ವಸ್ತು, ಅದನ್ನೂ ತಂಗಿ ಕೊಟ್ಟಿದ್ದಳು. ಕನಿಕರಪಟ್ಟು ಕೊಟ್ಟಿದ್ದಳು. ಕಿವಿಯ ಹಿಂದೆ ಬಿಸಿಯಾಯಿತು. ಸತ್ತವಳ ಮೇಲೆ, ಸತ್ತಳೆಂದು ಕೇಳಿದ ದಿನವೇ ಅವಳಿಗೆ ಹೊಟ್ಟೆ ಉರಿಯಿತು. ಆ ಉರಿಯ ಜೊತೆಗೇ ಅಳು ಬಂತು, ಎರಡನ್ನೂ ಬೇರೆ ಮಾಡಲು ಅವಳಿಂದ ಆಗಲಿಲ್ಲ.

ಊರಿನವರು ದುಃಖ ಕೇಳಲು ಬಂದು, "ನೀನು ಮಗೂನಾದ್ರೂ ಉಳಿಸ್ದೆ ತಾಯಿ" ಎಂದು ಅವಳ ಕಾಲು ಮುಟ್ಟಿದರು. ಮೂರು ದಿನ ಅದನ್ನು ಕೇಳಿದಳು. ನಾಲ್ಕನೆಯ ದಿನ ಮಹಿನಾಳನ್ನು ಎದುರಿಗೆ ಕೂರಿಸಿಕೊಂಡಳು. ಹುಡುಗಿಗೆ ಆಗ ಹದಿನಾಲ್ಕು.

"ನಿಮ್ಮಮ್ಮ ಹೋಗೋ ಹಿಂದಿನ ದಿನ ಪೀಟಾ ನಂಗೆ ಎಲ್ಲಾ ಹೇಳಿದ್ದ. ಸರಳಿನ ವಿಷಯ, ನೀರಿನ ವಿಷಯ. ಅವಳಿಗೆ ಹೇಳು ಅಂದಿದ್ದ."

"ನೀನು ಹೇಳ್ದೆ, ಅಮ್ಮ ಕೇಳ್ಲಿಲ್ವಾ?"

"ನಾನು ಹೇಳ್ಲಿಲ್ಲ."

"ಯಾಕೆ?"

"ಅವಳು ಹೊಸ ಅಂಗಿ ಹಾಕ್ಕೊಂಡಿದ್ಳು. ನಿಮ್ಮಪ್ಪ ಅವಳನ್ನೇ ನೋಡ್ತಿದ್ದ."

ಮಹಿನಾ ಅರ್ಥವಾಗದವಳಂತೆ ನೋಡಿದಳು, ಆಮೇಲೆ ಅರ್ಥವಾಯಿತು. "ಹೇಳಿದ್ರೆ ಅಮ್ಮ ಉಳೀತಿದ್ಳಾ?"

"ಗೊತ್ತಿಲ್ಲ. ಉಳೀತಿರ್ಲಿಲ್ವೇನೋ. ಬೋಧಕರು ಹೇಳಿದ್ದೇ ಅವಳಿಗೆ ವೇದ. ಆದ್ರೆ ನಾನು ಹೇಳ್ಲಿಲ್ಲ ಮಹಿನಾ."

ಹುಡುಗಿ ಕೂಗಾಡಲಿಲ್ಲ. ತನ್ನ ಚಾಪೆ ಸುತ್ತಿಕೊಂಡು ದಡಕ್ಕೆ ಹೋಗಿ, ತೌತುವಾಕ್ಕೆ ಹೊರಟಿದ್ದ ದೋಣಿ ಹತ್ತಿದಳು. ಅಲ್ಲಿ ರೊಂಗೊನ ಅಕ್ಕನ ಮನೆಯಿತ್ತು.

ಐದು ವರ್ಷ ಅವಳು ಬರಲಿಲ್ಲ. ತೌತುವಾದಿಂದ ಯಾರೇ ಬಂದರೂ ತೆಪುರಾ ಸುತ್ತಿ ಬಳಸಿ ಕೇಳುವಳು. ಹುಡುಗಿ ಬೆಳೆದಿದ್ದಾಳಂತೆ, ಸೋದರತ್ತೆ ಅವಳ ಕೂದಲಿಗೆ ದಿನವೂ ಎಣ್ಣೆ ಹಚ್ಚುತ್ತಾಳಂತೆ. "ಆ ಹೆಂಗಸಿಗೆ ಎಣ್ಣೆ ಹಚ್ಚೋಕೆ ಬರತ್ತಾ? ಅವಳ ತಲೆ ನೋಡಿದೀರಾ, ಹಕ್ಕಿಗೂಡು!" ಎಂದು ಬೈದು, ಒಳಗೆ ಹೋಗಿ ಗರಿ ಎಳೆದುಕೊಳ್ಳುವಳು. ಮಹಿನಾಳ ಮದುವೆ ಗೊತ್ತಾಯಿತೆಂದು ತಿಳಿದಾಗ ನಾಲ್ಕು ತಿಂಗಳು ಕೂತು ಒಂದು ಚಾಪೆ ಹೆಣೆದು ಕಳಿಸಿದಳು. ಅದನ್ನು ಹಾಸಿದರೋ ಇಲ್ಲವೋ ಯಾರೂ ಹೇಳಲಿಲ್ಲ. ಕೇಳಲು ಅವಳಿಗೂ ಧೈರ್ಯ ಬರಲಿಲ್ಲ.

ಮದುವೆಯಾದ ಎರಡನೇ ವರ್ಷ ಮಹಿನಾಳ ಗಂಡನಿಗೆ ಒಮೊಕಾ ಕಡೆ ಚಿಪ್ಪು ತೆಗೆಯುವ ಕೆಲಸ ಸಿಕ್ಕಿತು. ಅವಳು ಕೈಗೂಸಿನೊಂದಿಗೆ ಬಂದು, ತೆಪುರಾಳ ಗುಡಿಸಲಿಗೆ ಐವತ್ತು ಹೆಜ್ಜೆಯಲ್ಲಿ ಮನೆ ಹಾಕಿದಳು.

"ನಿನಗೋಸ್ಕರ ಬಂದಿದ್ದಲ್ಲ" ಎಂದಳು ಮೊದಲ ದಿನವೇ. "ಅವರ ಕೆಲಸ ಇಲ್ಲಿದೆ."

"ನಾನೇನು ಕೇಳಿದ್ನಾ?" ಎಂದಳು ತೆಪುರಾ. ಕೂಸಿನ ಹೆಸರು ರಾಹೇರಾ ಎಂದು ಗೊತ್ತಾದಾಗ ಅರ್ಧ ದಿನ ಗರಿ ಎಳೆದುಕೊಂಡು ಹೆಣೆದಳು.

ಕ್ಷಮಿಸಿದ್ದೇನೆ ಎಂಬ ಮಾತು ಮಹಿನಾಳ ಬಾಯಲ್ಲಿ ಎಂದೂ ಬರಲಿಲ್ಲ. ಆದರೆ ಬೆಳಿಗ್ಗೆ ಮೀನು ಬರುತ್ತಿತ್ತು. ಜಗಳವೂ ದಿನಾ ಬರುತ್ತಿತ್ತು. ಮಹಿನಾಳ ಗಂಡನ ತಾಯಿ ಬಂದು ನಾಲ್ಕು ದಿನ ಇದ್ದರೆ ತೆಪುರಾ ಐದನೆಯ ದಿನದವರೆಗೆ ಆ ಕಡೆ ಮುಖ ಹಾಕುತ್ತಿರಲಿಲ್ಲ. "ಹೋದ್ಳಾ ನಿಮ್ಮ ಮಹಾರಾಣಿ?" ಎಂದು ಕೇಳಿಕೊಂಡೇ ಬರುವಳು. ಮಕ್ಕಳು ನಾಲ್ಕಾದರು. ಅವರು ಯಾರ ತೊಡೆಯ ಮೇಲೆ ಹೆಚ್ಚು ಹೊತ್ತು ಕೂರುತ್ತಾರೆಂದು ಅವಳು ನೋಡುತ್ತಲೇ ಇದ್ದಳು.

ತೆಪುರಾಗೆ ಐವತ್ತೈದರ ಸುಮಾರಿಗೆ ಇಂಗ್ಲಿಷರ ಯುದ್ಧದ ಹಡಗು ಬಂತು. ಇನ್ನು ಮುಂದೆ ತೊಂಗರೆವಾ ತಮ್ಮ ರಾಣಿಯ ರಕ್ಷಣೆಯಲ್ಲಿದೆ ಎಂದು ಓದಿ ಹೇಳಿ ಬಾವುಟ ಏರಿಸುವುದಿತ್ತು. ಹಡಗು ಕಂಡದ್ದೇ ವಯಸ್ಸಾದವರೆಲ್ಲ ಪೊದೆಗಳ ಕಡೆ ಓಡಿದರು, ಅವರನ್ನು ಕರೆತರಲು ಅರ್ಧ ದಿನ ಹಿಡಿಯಿತು. ತೆಪುರಾ ಓಡಲಿಲ್ಲ. ಬಾವುಟ ಏರಿ, ತುತ್ತೂರಿ ಊದಿ, ಮಕ್ಕಳಿಗೆ ಬಿಸ್ಕತ್ತು ಹಂಚುವಾಗ ಕುಂಟುತ್ತ ಮುಂದೆ ಹೋಗಿ ಚಿನ್ನದ ಗುಂಡಿಯ ಅಧಿಕಾರಿಯ ಎದುರು ನಿಂತಳು.

"ಹೋದೋರನ್ನ ಯಾವಾಗ ತರ್ತೀರಿ ಅಂತ ಕೇಳು" ಎಂದಳು ದುಭಾಷಿಗೆ.

ಅಧಿಕಾರಿ ಕೇಳಿಸಿಕೊಂಡು ಟೊಪ್ಪಿ ತೆಗೆದ. ಅದು ಬೇರೆ ದೇಶದವರು ಮಾಡಿದ ಕೆಲಸ, ಇನ್ನು ಹಾಗೆ ಯಾರೂ ನಿಮ್ಮನ್ನು ಒಯ್ಯದಂತೆಯೇ ಈ ಬಾವುಟ ಎಂದು ಮೆತ್ತಗೆ ಹೇಳಿದ.

"ಇಪ್ಪತ್ತಾರು ವರ್ಷ ತಡ ಆಯ್ತು ಅಂತ ಹೇಳು" ಎಂದಳು. ದುಭಾಷಿ ಅದನ್ನು ಹೇಳಿದನೋ ಇಲ್ಲವೋ, ಅಧಿಕಾರಿ ತಲೆಯಾಡಿಸಿದ.

ಮಹಿನಾ ಬಂದು ಅವಳ ತೋಳು ಹಿಡಿದಳು. ಇಬ್ಬರೂ ಮನೆಯ ಕಡೆ ನಿಧಾನವಾಗಿ ನಡೆದರು.

"ಎಲ್ಲರೂ ನಿನ್ನನ್ನೇ ನೋಡ್ತಿದ್ರು ದೊಡ್ಡಮ್ಮ" ಎಂದಳು ಮಹಿನಾ.

"ನನ್ನನ್ನಾ? ಸುಳ್ಳು ಹೇಳ್ಬೇಡ. ಪಕ್ಕದಲ್ಲಿ ಬಾವುಟದ ಕೆಳಗೆ ತಾವಾಕೆ ಹೆಂಡತಿ ಕೆಂಪು ಅಂಗಿ ಹಾಕ್ಕೊಂಡು ನಿಂತಿದ್ಳು, ಅವಳನ್ನ ನೋಡ್ತಿದ್ರು."

"ಇಲ್ಲ, ನಿನ್ನನ್ನೇ. ಅವಳಿಗೆ ಹೊಟ್ಟೆ ಉರಿದುಹೋಯ್ತು, ನಾನೇ ನೋಡ್ದೆ."

ತೆಪುರಾ ನಿಂತು ಮಹಿನಾಳ ಮುಖ ದಿಟ್ಟಿಸಿದಳು, ಹೇಳುತ್ತಿರುವುದು ನಿಜವೋ ತಮಾಷೆಯೋ ಎಂದು.

"ಎಷ್ಟು ಉರೀತು?" ಎಂದು ಕೇಳಿದಳು.